‘ಲ್ಲಿ’ ಎಂಬ ಊರಿನ ಮನುಷ್ಯ

ನಮ್ಮ ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಬೀಡಾ ಅಂಗಡಿ ಇದೆ. ಅಲ್ಲಿ ಗುಟ್ಕಾ ಚೀಟಿಗಳು ಮದುವೆಮನೆಯ ತೋರಣದ ಹಾಗೆ ಸಾಲಾಗಿ ತೂಗುತ್ತವೆ. ಗಾಳಿ ಬಂದರೆ ಚರಪರ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಮೊನ್ನೆ ಅವುಗಳ ಕೆಳಗೆ ನಿಂತು ಚಹಾ ಕುಡಿಯುತ್ತಿದ್ದವನು ಸುಮ್ಮನೆ ತಲೆ ಎತ್ತಿ ನೋಡಿದೆ. ಅಷ್ಟು ಚೀಟಿಗಳಲ್ಲಿ ಒಂದಕ್ಕಾದರೂ ಮುಖವಿರಲಿಲ್ಲ. ಹಸಿರು, ಕೆಂಪು, ಹೊಳಪು ಎಲ್ಲ ಇತ್ತು. ‘ನಾನು ಮಾರುತ್ತಿದ್ದೇನೆ, ನೋಡಿಕೋ’ ಎನ್ನುವ ಒಬ್ಬ ಮನುಷ್ಯ ಮಾತ್ರ ಇರಲಿಲ್ಲ.

ನಾವು ಸಣ್ಣವರಿದ್ದಾಗ ಹೀಗಿರಲಿಲ್ಲ ನೋಡಿ. ಬೀಡಿ ಕಟ್ಟಿಗೆ ಮುಖವಿರುತ್ತಿತ್ತು. ನಟ್ಟನಡುವೆ ಕೋಟು ತೊಟ್ಟ ಮಾಲೀಕ ಕುಂತಿರುತ್ತಿದ್ದ. ಆ ಮುಖಗಳು ಬೀಡಿ ಸೇದಿದವರ ಮುಖದಂತೆ ಒಣಗಿರುತ್ತಿರಲಿಲ್ಲ, ಮಾರಿದವರ ಮುಖದಂತೆ ದುಂಡಗೆ ತುಂಬಿಕೊಂಡಿರುತ್ತಿದ್ದವು. ಆ ಚೀಟಿಗಳನ್ನು ಆಯ್ದು ತಂದು, ನೆಲದ ಮೇಲೆ ಗೆರೆ ಕೊರೆದು, ನಡುವೆ ಗುಡ್ಡೆ ಹಾಕಿ, ಚಪ್ಪಟೆ ಕಲ್ಲಿನಿಂದ ಹೊಡೆದು ಗೆಲ್ಲುವುದು ನಮ್ಮ ಆಟ. ಉಳಿದ ಹುಡುಗರು ಗೆದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದರು. ನನಗೆ ಅಷ್ಟು ಸಾಲದು. ಗೆದ್ದ ಮುಖಕ್ಕೆಲ್ಲ ಒಂದೊಂದು ದನಿ ಕೊಡುತ್ತಿದ್ದೆ. ಈ ಮೀಸೆಯವನು ಮೂಗಿನಲ್ಲಿ ಮಾತಾಡುತ್ತಾನೆ, ಈ ಟೋಪಿಯವನು ತೊದಲುತ್ತಾನೆ, ಈ ಕನ್ನಡಕದವನು ಮಾತಿಗೊಮ್ಮೆ ಹೆಂಡತಿಯನ್ನು ಕರೆಯುತ್ತಾನೆ. ಮುಖ ಇದ್ದ ಮೇಲೆ ದನಿ ಇರಲೇಬೇಕು ಎಂಬುದು ಆಗ ನನ್ನ ಸಿದ್ಧಾಂತ. ದನಿಗೆ ಮುಖ ಇರಲೇಬೇಕಾಗಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಗೊತ್ತಾಗದೆ ಇದ್ದರೆ ಚೆನ್ನಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ನನ್ನ ಹೆಸರು ಕೊಟ್ರೇಶಿ. ನಮ್ಮೂರಿನ ಬೀದಿಯಲ್ಲಿ ನಿಂತು ‘ಕೊಟ್ರೇಶೀ’ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಉಳಿದರ್ಧ ಅವರ ಅಪ್ಪಂದಿರು, ಅವರೂ ಅದೇ ಹೆಸರಿನವರೇ, ವಯಸ್ಸಿನ ಮರ್ಯಾದೆಗೆ ತಿರುಗುವುದಿಲ್ಲ ಅಷ್ಟೆ. ಹೀಗೆ ಹೆಸರಿದ್ದೂ ಇಲ್ಲದಂತಾದವನು ಪಕ್ಕದವರ ದನಿ ಎತ್ತಿಕೊಳ್ಳಲು ಕಲಿತೆ. ಬಾಗಿಲ ಮರೆಯಲ್ಲಿ ನಿಂತು ಹೆಡ್‌ಮಾಸ್ತರರಂತೆ ಕೆಮ್ಮಿ ಇಡೀ ಕ್ಲಾಸನ್ನು ಎಬ್ಬಿಸಿ ನಿಲ್ಲಿಸಿದ್ದೆ. ನಿಂತವರಲ್ಲಿ ಕನ್ನಡ ಮೇಷ್ಟ್ರೂ ಒಬ್ಬರು. ಕಂಡಕ್ಟರನ ದನಿಯಲ್ಲಿ ‘ರೈಟ್’ ಎಂದು ಬಸ್ಸನ್ನೇ ಬಿಡಿಸಿದ್ದೆ. ಕಂಡಕ್ಟರ್ ಕೆಳಗೆ ಚಹಾದ ಗ್ಲಾಸು ಹಿಡಿದು ನಿಂತಿದ್ದ. ಇಷ್ಟೆಲ್ಲ ದನಿ ಬರುವವನಿಗೆ ಸ್ವಂತದ್ದು ಯಾವುದು ಎಂದರೆ ಮಾತ್ರ ತಡವರಿಕೆ. ಒಮ್ಮೆ ಟೇಪ್‌ರೆಕಾರ್ಡರಿನಲ್ಲಿ ಕೇಳಿಸಿಕೊಂಡೆ, ನೆಗಡಿಯಾದ ಆಡಿನಂತಿತ್ತು. ಮತ್ತೆ ಆ ತಂಟೆಗೆ ಹೋಗಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಡಿಗ್ರಿ ಮುಗಿಸಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ನನಗೆ ಈ ಆಡಿನ ಗಂಟಲೇ ಅನ್ನ ಕೊಟ್ಟಿತು. ಹುಸೇನಣ್ಣನದೊಂದು ಆಟೋ ಇತ್ತು, ಅದರ ನೆತ್ತಿಯ ಮೇಲೆ ಮೈಕಿನ ಹಾರ್ನು. ಸೀರೆಗಳ ರಿಯಾಯಿತಿ ಮಾರಾಟ, ಸರ್ಕಸ್ಸು, ಹಲ್ಲಿನ ಡಾಕ್ಟರ ಕ್ಯಾಂಪು, ಏನಾದರೂ ಸರಿ, ಆತ ಓಡಿಸುವುದು, ನಾನು ಒದರುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಇಷ್ಟೇ ನಮ್ಮ ಭೂಮಂಡಲ.

ಈ ತಿರುಗಾಟ ನೋಡಿಯೇ ನಿಂಗಜ್ಜಿ ನನ್ನನ್ನು ಹಿಡಿದುಕೊಂಡದ್ದು. ನಿಂಗಜ್ಜಿ ನನ್ನ ಅವ್ವನ ಅವ್ವ, ನಮ್ಮ ಮನೆಯಲ್ಲೇ ಇದ್ದಳು. ಅವಳ ಕುಂಕುಮದ ಡಬ್ಬಿಯ ಮುಚ್ಚಳದೊಳಗೆ ಒಂದು ಪಟ ಅಂಟಿಕೊಂಡಿತ್ತು. ಇಸ್ಪೀಟಿನ ಎಲೆಗಿಂತ ಸಣ್ಣದು, ದಪ್ಪ ಕಾಗದ. ರುಮಾಲು ಸುತ್ತಿದ ಒಬ್ಬ ಮನುಷ್ಯ, ಹುರಿ ಮೀಸೆ, ಕೈಯಲ್ಲಿ ಹೊಗೆಸೊಪ್ಪಿನ ಎಲೆ. ಅಚ್ಚು ಹಾಕುವಾಗ ಕೆಂಪು ಬಣ್ಣ ಒಂದಿಷ್ಟು ಸರಿದುಬಿಟ್ಟಿತ್ತೋ ಏನೋ, ಆ ಮನುಷ್ಯನ ಬೆನ್ನ ಹಿಂದಿನಿಂದ ಇನ್ನೊಬ್ಬ ತೆಳ್ಳನೆಯ ಕೆಂಪು ಮನುಷ್ಯ ಇಣುಕಿದ ಹಾಗೆ ಕಾಣುತ್ತಿತ್ತು. ಯಾವ ಕಡೆಯಿಂದ ನೋಡಿದರೂ ಮುಂದಿನವನು ನಮ್ಮನ್ನು ನೋಡುತ್ತಿರಲಿಲ್ಲ, ಹಿಂದಿನವನು ನೋಡುತ್ತಿದ್ದ.

ಅದು ಅಜ್ಜಿಯ ಅಪ್ಪ. ಹಾಗಂತ ಅವಳ ಅವ್ವ ಹೇಳಿದ್ದು. ಅಜ್ಜಿ ತೊಟ್ಟಿಲಲ್ಲಿದ್ದಾಗ ಹೊಗೆಸೊಪ್ಪು ಮಾರಲು ಹೋದ ಮನುಷ್ಯ ತಿರುಗಿ ಬರಲಿಲ್ಲ. ಬಿಟ್ಟುಹೋದದ್ದು ಈ ಪಟ ಒಂದೇ. ಪಟದ ಕೆಳಗೆ ಊರಿನ ಹೆಸರು ಇದ್ದಿತ್ತು. ಹಲ್ಲು ಮೊಳೆಯುವ ಕಾಲದಲ್ಲಿ ಕೂಸಿನ ಕೈಗೆ ಸಿಕ್ಕಿ, ಎಡಗಡೆಯ ಮೂಲೆ ಪೂರ್ತಿ ಕೂಸಿನ ಹೊಟ್ಟೆ ಸೇರಿತ್ತು.

“ನಮ್ಮಪ್ಪನ ಊರು ನನ್ನ ಹೊಟ್ಟ್ಯಾಗ ಐತಿ ನೋಡು” ಎಂದು ಅಜ್ಜಿ ನಗಾಡುತ್ತಿದ್ದಳು.

ಉಳಿದದ್ದು ಒಂದೇ ಅಕ್ಷರ, ಅದಕ್ಕೊಂದು ಒತ್ತು: ‘ಲ್ಲಿ’.

ನೀವೇ ಹೇಳಿ, ಕನ್ನಡದಲ್ಲಿ ಇದಕ್ಕಿಂತ ಮೋಸದ ಅಕ್ಷರ ಇನ್ನೊಂದಿದೆಯೇ? ‘ಕೂಡ್ಲಿಗಿಯಲ್ಲಿ’ ಎಂದರೂ ಆಯಿತು, ‘ಕೊಟ್ಟೂರಿನಲ್ಲಿ’ ಎಂದರೂ ಆಯಿತು. ಹಿಂದೆ ಯಾವ ಊರನ್ನು ಕಟ್ಟಿದರೂ ಬಂಡಿಗೆ ಕಟ್ಟಿದ ಎತ್ತಿನಂತೆ ಸುಮ್ಮನೆ ನಡೆದು ಬರುತ್ತದೆ. ಊರೇ ಇಲ್ಲದೆ ಇದ್ದರೂ ನಡೆಯುತ್ತದೆ: ಅಲ್ಲಿ, ಇಲ್ಲಿ, ಎಲ್ಲಿ.

“ಲೇ ಕೊಟ್ರ್ಯಾ, ಊರೂರು ತಿರುಗ್ತಿಯಲ್ಲ, ಇದು ಯಾವ ಕಡಿ ಪಟ ಅಂತ ಕೇಳ್ಕೊಂಡು ಬಾರೋ” ಎಂದಳು ಅಜ್ಜಿ ಒಂದು ದಿನ.

“ಯಾಕಜ್ಜಿ, ಹೋಗಿ ನಿಮ್ಮಪ್ಪನ ಜೋಡಿ ಜಗಳಾಡ್ತಿಯೇನು?”

“ಹಿರೇರ ಅಮಾಸಿ ಬಂತಲ್ಲೋ. ಎಡಿ ಇಡಬೇಕು.”

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಲೆ ಹಾಕಿ, ಅವರವರಿಗೆ ಸೇರುವುದನ್ನು ಬಡಿಸಿ, ಹೆಸರು ಹಿಡಿದು ಕರೆಯುವುದುಂಟು. ಅಜ್ಜಿ ತನ್ನ ಅವ್ವನಿಗೆ ಇಡುತ್ತಿದ್ದಳು, ಗಂಡನಿಗೆ ಇಡುತ್ತಿದ್ದಳು. ಅಪ್ಪನ ಜಾಗ ಮಾತ್ರ ಸಾರಿಸಿ ಹಾಗೇ ಬಿಡುತ್ತಿದ್ದಳು. ಸತ್ತದ್ದು ಗೊತ್ತಿಲ್ಲದವರಿಗೆ ಎಲೆ ಹಾಕುವಂತಿಲ್ಲ.

“ಬದುಕಿದ್ದಾತಗ ಎಡಿ ಇಟ್ರ, ನಾನ ಕೈಯಾರ ಕೊಂದಂಗ ಆಕ್ಕತಿ.”

“ಬದುಕಿದ್ರ ನೂರು ದಾಟಿರ್ತತಿ ಅಜ್ಜಿ. ಎಡಿ ಇಟ್ರ ಉಪಕಾರ ಮಾಡ್ದಂಗ.”

ಅಜ್ಜಿ ನಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು. “ನಾ ಹೋದಮ್ಯಾಲೆ ಆತನ್ನ ಕರಿಯಾಕ ಯಾರದಾರ ಹೇಳು? ನನಗ ಆತನ ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲ. ಒಂದು ಸಲನಾರ ನನ್ನ ಕೈಲೆ ಉಂಡು ಹೋಗ್ಲಿ ಅಂತ, ಅಷ್ಟ.”

ಪಟವನ್ನು ಜೇಬಿಗೆ ಹಾಕಿಕೊಂಡೆ. ಬೆನ್ನ ಹಿಂದಿನ ಕೆಂಪು ಮನುಷ್ಯ ಎದೆಯ ಕಡೆಗೆ ಬರುವಂತೆ ಇಟ್ಟುಕೊಂಡೆನೋ, ಹೊರಗಡೆಗೋ ಎಂದು ದಾರಿಯುದ್ದಕ್ಕೂ ಎರಡೆರಡು ಸಲ ತೆಗೆದು ನೋಡಿದ್ದು ನೆನಪಿದೆ.

ಮೊದಲು ಕೂಡ್ಲಿಗಿ. ಅಲ್ಲಿ ಹೊಗೆಸೊಪ್ಪಿನ ಅಂಗಡಿಯ ಮುದುಕಪ್ಪ ಪಟವನ್ನು ಮೂಗಿನ ಹತ್ತಿರ ಹಿಡಿದು, ನೋಡುವುದರ ಬದಲು ಮೂಸಿದ.

“ತಂಬಾಕಿನ ಪೊಟ್ಟಣದಾಗ ಬರ್ತಿದ್ದ ಪಟ ಇದು. ಪೊಟ್ಟಣ ಮುದುಡಬಾರ್ದು ಅಂತ ಒಳಗ ದಪ್ಪ ಕಾಗದ ಇಡ್ತಿದ್ರು. ಇದನ್ನ ಮಾರಾಕ ಬರ್ತಿದ್ದಾತ ಈತನ. ನಾ ಸಣ್ಣಾಂವ ಇದ್ದಾಗ ಸಂತ್ಯಾಗ ನೋಡೀನಿ.”

“ನಿಮ್ಮೂರಾತನ ಏನ್ರಿ?”

“ಹೇ, ನಮ್ಮೂರಾತ ಎಲ್ಲ್ಯದಾನ? ಬೊಮ್ಮನಹಳ್ಳಿ ಕಡ್ಯಾತ ಇರಬೇಕು. ಮಾತಾಡೋಕ ಮೊದ್ಲ ಕೆಮ್ಮತಿದ್ದ. ಪೂರಾ ಕೆಮ್ಮತಿರ್ಲಿಲ್ಲಪ, ಅರ್ಧಕ್ಕ ನುಂಗತಿದ್ದ.”

ಕೆಮ್ಮಿ ತೋರಿಸಿದೆ. ಮುದುಕಪ್ಪ ತಲೆ ಅಲ್ಲಾಡಿಸಿದ. ಇನ್ನೊಂದಿಷ್ಟು ಒಳಗಿನಿಂದ ತಂದೆ. ಆತ ಪಟವನ್ನು ಥಟ್ಟನೆ ನನ್ನ ಕೈಗೆ ತುರುಕಿ, “ಹೂಂ, ಸಾಕು” ಎಂದ. ಹೆಡ್‌ಮಾಸ್ತರರ ದನಿ ತೆಗೆದಾಗ ಜನ ‘ಇನ್ನೊಮ್ಮೆ’ ಎನ್ನುತ್ತಿದ್ದರು. ‘ಸಾಕು’ ಎಂದದ್ದು ಅದೇ ಮೊದಲು.

ಹಗರಿಬೊಮ್ಮನಹಳ್ಳಿಯಲ್ಲಿ ಕಟಿಂಗ್ ಶಾಪಿನ ಹಿರಿಯರೊಬ್ಬರು ಆ ಮನುಷ್ಯನನ್ನು ಹಡಗಲಿಗೆ ದಾಟಿಸಿದರು. “ನಮ್ಮಾತ ಅಲ್ರಿ, ಹಡಗಲಿ ಕಡ್ಯಾತ. ಕೆಮ್ಮಿದ ಮ್ಯಾಲೆ ನಾಲಿಗಿ ಲೊಟ್ಟ ಹೊಡಿತಿದ್ನಂತ. ಎತ್ತು ಹೊಡಿಯೋರು ಹೊಡಿತಾರಲ್ಲ, ಹಂಗ. ಯಾಕ್ರಿ, ಬಂದಾನೇನು ಮತ್ತ?”

“ಬಂದಾನ ಅಂದ್ರ?”

“ಏನಿಲ್ಲ, ಕೇಳಿದ್ನಪ” ಎಂದು ಕತ್ತರಿಗೆ ಕೆಲಸ ಕೊಟ್ಟರು. ಹೀಗೆ ಯಾವ ಊರೂ ತನ್ನದಲ್ಲ ಎನ್ನುವ, ಎಲ್ಲ ಊರೂ ಪಕ್ಕದೂರಿನವನು ಎನ್ನುವ ಮನುಷ್ಯನನ್ನು ನಾನು ಮೊದಲ ಸಲ ಕಂಡದ್ದು. ನಮ್ಮ ಕಡೆ ಸ್ವಲ್ಪ ಹೆಸರು ಮಾಡಿದ ಕಳ್ಳನಿದ್ದರೂ ಎರಡು ಊರು ‘ನಮ್ಮಾತ’ ಎಂದು ಕಿತ್ತಾಡುತ್ತವೆ.

ಕೆಮ್ಮು, ಅದರ ಬೆನ್ನಿಗೆ ಲೊಟ್ಟೆ. ಎರಡೂ ಕೂಡಿದ್ದೇ ತಡ, ಅವು ನನ್ನ ಗಂಟಲಿನಲ್ಲಿ ಮನೆ ಮಾಡಿಬಿಟ್ಟವು. ಉಳಿದ ದನಿಗಳನ್ನು ನಾನು ತೆಗೆಯಬೇಕು. ಇದು ತಾನಾಗಿ ಬರುತ್ತಿತ್ತು. ಮೈಕಿನಲ್ಲಿ ‘ಮಾತೆಯರೇ, ಸಹೋದರಿಯರೇ, ಸೀರೆಗಳ ಮೇಲೆ ಭಾರಿ ರಿಯಾಯಿತಿ’ ಎನ್ನುವ ಮೊದಲು ಒಂದು ಅರ್ಧ ಕೆಮ್ಮು, ಒಂದು ಲೊಟ್ಟೆ. ಹುಸೇನಣ್ಣ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

“ಗಂಟಲಿಗೆ ಏನಾತೋ?”

“ಏನಿಲ್ಲಣ್ಣ, ಪ್ರಾಕ್ಟೀಸು.”

“ಹಂಗಾರ ನಂದು ಮಾಡು, ಆ ಮನುಷ್ಯಂದು ಬ್ಯಾಡ.”

ಹಡಗಲಿಯಲ್ಲಿ ಮಲ್ಲಿಗೆ ಕಟ್ಟುತ್ತ ಕುಂತಿದ್ದ ಒಬ್ಬ ಮುದುಕಿ ಪಟ ನೋಡಲೇ ಇಲ್ಲ. ನನ್ನ ಕೆಮ್ಮು ಕೇಳಿಯೇ ಕೈಯ ದಾರ ನಿಲ್ಲಿಸಿದಳು. “ಅಷ್ಟ ಅಲ್ಲಪ. ಆಮ್ಯಾಲೆ ಕೂಗತಿದ್ದ” ಎಂದು, ಸುತ್ತ ಯಾರಾದರೂ ಇದ್ದಾರೇನೋ ನೋಡಿ, ಸಣ್ಣ ದನಿಯಲ್ಲಿ ರಾಗ ಎಳೆದು ಹೇಳಿಕೊಟ್ಟಳು: “ಅದಾರೇನ್ರೀ... ಮನ್ಯಾಗ...”

ಹೊಗೆಸೊಪ್ಪಿನ ಹೆಸರಿಲ್ಲ, ರೇಟಿಲ್ಲ. ಮಾರುವವನು ಹೀಗೆ ಕೂಗುವುದುಂಟೇ? ‘ಮನೆಯಲ್ಲಿ ಯಾರಾದರೂ ಇದ್ದೀರಾ’ ಎಂದಷ್ಟೇ.

“ಮಧ್ಯಾಹ್ನ ಮಾತ್ರ ಕೂಗಬ್ಯಾಡ ಮಗನ. ಆ ದನಿ ಬಂದ್ರ ಓ ಅನಬಾರ್ದು ಅಂತ ನಮ್ಮವ್ವ ಹೇಳತಿದ್ಲು. ಆತ ಮಾರಾಕ ಬರೋದು ನಿಂತಮ್ಯಾಲೂ ದನಿ ಬರತಿತ್ತಂತ.”

“ಯಾವೂರಾತ ಅಮ್ಮಾ ಆತ?”

“ಊರಿದ್ದಾತ ಹಂಗ್ಯಾಕ ಕೂಗ್ಯಾನು?”

ಈಗ ಹೇಳುತ್ತೇನೆ ಕೇಳಿ, ನನ್ನಂಥವನಿಗೆ ‘ಮಾಡಬೇಡ’ ಎಂದರೆ ‘ಮೈಕಿನಲ್ಲಿ ಮಾಡು’ ಎಂದಂತೆ. ಅವತ್ತು ಮಧ್ಯಾಹ್ನ ಹೊಳಲಿಗೆ ಹೋದೆವು. ಅನಂತಶಯನ ಮಲಗಿರುವ ಊರು. ಅವತ್ತು ದೇವರ ಜೊತೆ ಊರೂ ಮಲಗಿತ್ತು. ಬಿಸಿಲಿಗೆ ನೆರಳುಗಳೆಲ್ಲ ಗೋಡೆಯ ಬುಡಕ್ಕೆ ಸೇರಿಕೊಂಡಿದ್ದವು. ಕಟ್ಟೆಯ ಮೇಲೆ ನಾಲ್ಕು ಮಂದಿ ಹೆಂಗಸರು, ಒಂದೆರಡು ಮಕ್ಕಳು. ಸೀರೆಯ ಸುದ್ದಿಗೆ ಯಾರೂ ಏಳದಿದ್ದಾಗ ಮೈಕನ್ನು ತುಟಿಗೆ ಒತ್ತಿಕೊಂಡು ಕೆಮ್ಮಿದೆ, ಲೊಟ್ಟೆ ಹೊಡೆದೆ, ಕೂಗಿದೆ:

“ಅದಾರೇನ್ರೀ... ಮನ್ಯಾಗ...”

ಹಾರ್ನಿನಿಂದ ಹೊರಟ ದನಿ ಬೀದಿಯ ಕೊನೆಯ ಗೋಡೆಗೆ ಬಡಿದು ತಿರುಗಿ ಬಂತು. ತಿರುಗಿ ಬರುವಾಗ ಅದು ಸಾವಕಾಶ ಬಂದಂತಿತ್ತು, ಪ್ರತಿ ಮನೆಯ ಮುಂದೂ ನಿಂತು ನಿಂತು. ಕಟ್ಟೆಯ ಮೇಲಿನ ಹೆಂಗಸರು ಎದ್ದರು. ಬೈಯಲಿಲ್ಲ, ಓಡಲಿಲ್ಲ. ಮಕ್ಕಳ ರೆಟ್ಟೆ ಹಿಡಿದು ಒಳಗೆ ನಡೆದರು. ಒಂದು ಬಾಗಿಲಿನ ಅಗುಳಿ ಬಿತ್ತು. ಆಮೇಲೆ ಪಕ್ಕದ್ದು. ಆಮೇಲೆ ಎದುರಿನದು. ನೋಡುತ್ತಿದ್ದಂತೆ ಇಡೀ ಬೀದಿಯಲ್ಲಿ ತೆರೆದದ್ದು ಎಂದರೆ ನನ್ನ ಬಾಯಿ ಒಂದೇ.

ಹುಸೇನಣ್ಣ ಆಟೋ ತಿರುಗಿಸಿದ. ಊರು ದಾಟಿದ ಮೇಲೆ, “ಈಗ ಸೀರಿ ಯಾರು ತಗೋತಾರ, ನಿಮ್ಮ ಮುತ್ತಜ್ಜನೇನು?” ಎಂದ. ನಗುವ ಪ್ರಯತ್ನ ಇಬ್ಬರೂ ಮಾಡಿದೆವು.

ಕೊನೆಗೆ ಹರಪನಹಳ್ಳಿ. ಆಗಷ್ಟೇ ಆ ಊರು ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಗಿತ್ತು. ಊರಿಗೇ ತಾನು ಎಲ್ಲಿಯದೆಂಬ ಗೊಂದಲವಿರುವಾಗ ಪಟದ ಊರು ಕೇಳುವುದು ಹೇಗೆ ಎಂದು ಹುಸೇನಣ್ಣನಿಗೆ ಜೋಕು ಹೇಳಿದ್ದೆ. ಅವತ್ತು ಮೈಕಿನ ಬ್ಯಾಟರಿ ಕೈಕೊಟ್ಟಿತ್ತು. ಆತ ಅದನ್ನು ಬಿಚ್ಚುತ್ತ ಕುಂತ. ನಾನು ನೀರು ಕೇಳೋಣವೆಂದು ಪಕ್ಕದ ಸಂದಿಯಲ್ಲಿ ಒಂದು ಮನೆಯ ಮುಂದೆ ನಿಂತೆ. ಬಾಗಿಲು ತೆರೆದಿತ್ತು, ಒಳಗೆ ಕತ್ತಲೆ. ‘ಒಂದು ಲೋಟ ನೀರು ಕೊಡ್ರಿ’ ಎನ್ನಬೇಕೆಂದೇ ಬಾಯಿ ತೆರೆದೆ. ಬಂದದ್ದು ಅರ್ಧ ಕೆಮ್ಮು. ಲೊಟ್ಟೆ. ಆಮೇಲೆ:

“ಅದಾರೇನ್ರೀ... ಮನ್ಯಾಗ...”

ಒಳಗಿನಿಂದ, ತಡವಿಲ್ಲದೆ, ಹಣ್ಣು ಹಣ್ಣು ಮುದುಕಿಯ ದನಿ ಬಂತು.

“ಬಂದ್ಯಾ? ಕಾಲು ತೊಳ್ಕಂಡು ಒಳಗೆ ಬಾ. ಅನ್ನ ಆರೋಯ್ತು.”

ಒಳಗಿನಿಂದ ಅರವತ್ತರ ಸುಮಾರಿನ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

“ಯಾರಪ್ಪಾ ನೀನು? ಏನಂದೆ? ನಮ್ಮತ್ತೆ ಮಾತು ನಿಲ್ಲಿಸಿ ಎಷ್ಟು ದಿನ ಆಗಿತ್ತು ಗೊತ್ತಾ?”

“ನೀರು ಕೇಳಾಕ ಬಂದಿದ್ನ್ರಿ” ಎಂದೆ. ಈ ಸಲ ಬಂದದ್ದು ಆಡಿನ ದನಿಯೇ. ಅದನ್ನು ಕೇಳಿ ಅಷ್ಟು ಸಮಾಧಾನವಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಒಳಗೆ ಕರೆದು ನೀರು ಕೊಟ್ಟಳು. ಮೂಲೆಯ ಮಂಚದ ಮೇಲೆ ಮುದುಕಿ ಕುಂತಿದ್ದಳು. ಕಣ್ಣಿನಲ್ಲಿ ಬಿಳುಪು ತುಂಬಿತ್ತು, ಮುಖ ಬಾಗಿಲಿನ ಕಡೆಗೇ ಇತ್ತು. ಆಕೆಯ ತಲೆಯ ಮೇಲಿನ ಗೋಡೆಗೆ ಒಂದು ಸಣ್ಣ ಚೌಕಟ್ಟು, ಅದಕ್ಕೆ ಹೂವು, ಕುಂಕುಮ. ಚೌಕಟ್ಟಿನೊಳಗೆ ರುಮಾಲು, ಹುರಿ ಮೀಸೆ, ಕೈಯಲ್ಲಿ ಹೊಗೆಸೊಪ್ಪಿನ ಎಲೆ. ಬೆನ್ನ ಹಿಂದೆ ಇಣುಕುವ ಕೆಂಪು ಮನುಷ್ಯ.

ನನ್ನ ಜೇಬಿನಲ್ಲಿದ್ದ ಪಟವನ್ನು ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿಕೊಂಡೆ. ಇತ್ತು.

ಗೋಡೆಯ ಪಟದ ಮೂಲೆಯನ್ನು ಯಾವ ಕೂಸೂ ತಿಂದಿರಲಿಲ್ಲ. ಹತ್ತಿರ ಹೋಗಿ ಕೆಳಗಿನ ಸಾಲು ಓದಲು ನೋಡಿದೆ. ಕನ್ನಡದಂತೆಯೇ ಇತ್ತು, ಕನ್ನಡವಾಗಿರಲಿಲ್ಲ. ಬಳ್ಳಾರಿ ಸೀಮೆಯ ಹುಡುಗರಿಗೆ ತೆಲುಗು ಅಕ್ಷರ ಕಲಿಸುವುದು ಶಾಲೆಯಲ್ಲ, ಸಿನಿಮಾ ಪೋಸ್ಟರು. ಅಷ್ಟು ವಿದ್ಯೆ ನನಗೂ ಇತ್ತು. ‘ಪೊಗಾಕು’ ಎಂದಿತ್ತು, ಅಂದರೆ ಹೊಗೆಸೊಪ್ಪು. ಆಮೇಲೆ ಮಾಸಿದ ಒಂದು ಹೆಸರು, ಕೊನೆಗೆ ‘ಪಲ್ಲಿ’. ತೆಲುಗಿನ ‘ಲ್ಲಿ’ಗೂ ನಮ್ಮ ‘ಲ್ಲಿ’ಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಮ್ಮ ಅಜ್ಜಿ ಒಂದು ಜನ್ಮವಿಡೀ ‘ಎಲ್ಲಿ’ ಎಂದು ಕೇಳುತ್ತ ಕುಂತದ್ದು ಆಂಧ್ರದ ಯಾವುದೋ ಒಂದು ಪಲ್ಲಿಯ ಬಾಲವನ್ನು ಹಿಡಿದುಕೊಂಡು. ಪಟ ಗಡಿಯಾಚೆಯದು. ಒಂದೇ ಅಚ್ಚಿನಲ್ಲಿ ಅದೆಷ್ಟು ರುಮಾಲಿನವರು ಹೊರಬಿದ್ದು, ಪೊಟ್ಟಣದೊಳಗೆ ಕುಂತು, ಬಳ್ಳಾರಿ ದಾಟಿ, ನಮ್ಮ ಸಂತೆಗಳಿಗೆ ಬಂದಿದ್ದರೋ.

“ಇದು ನಿಮ್ಮ...?”

“ನಮ್ಮ ಮಾವ್ನೋರು” ಎಂದಳು ಸೊಸೆ. “ಅವರ ಫೋಟೋ ಇರ್ಲಿಲ್ಲ. ಅವರ ಗಂಟಿನಾಗೆ ಇಂಥವು ಬೇಕಾದಷ್ಟಿದ್ವಂತೆ, ಒಂದಕ್ಕೆ ಕಟ್ಟು ಹಾಕ್ಸಿದ್ರು. ಮುಖ ಇವ್ರದಲ್ಲ ಅಂತ ಅತ್ತೆನೇ ಹೇಳ್ತಿದ್ರು. ಯಾರದಾದ್ರೇನು, ಹೂವು ಹಾಕಕೆ ಒಂದು ಮುಖ ಬೇಕಲ್ಲಪ್ಪಾ.”

“ಅವರದಲ್ಲೇನ್ರಿ?”

“ಪಟನ ಕೆನ್ನೆ ಪಕ್ಕ ಹಿಡ್ಕಂಡು ‘ನಾನೇ ಇದು, ಅಚ್ಚು ಹಾಕ್ಸಿದಾರೆ’ ಅಂತ ಊರೂರಾಗೆ ನಗಿಸ್ತಿದ್ರಂತೆ. ಮಾರೋ ಮನುಷ್ಯ ಅಲ್ವಾ. ಯಾರ ದನಿ ಬೇಕಾದ್ರೂ ತೆಗೀತಿದ್ರಂತೆ. ಕೆಮ್ಮಿ ಕೆಮ್ಮಿ ಈ ಮನೇಲೇ ತೀರ್ಕಂಡ್ರು, ನಾನು ಸೊಸೆಯಾಗಿ ಬರೋಕಿಂತ ಮುಂಚೆ.”

ಎಲ್ಲರ ದನಿ ತೆಗೆಯುತ್ತಿದ್ದನೇ? ಹಾಗಾದರೆ ಊರೂರಿನಿಂದ ನಾನು ಕೂಡಿಸಿ ತಂದದ್ದು ಅವನ ದನಿಯೋ, ಅವನು ಇನ್ನಾರಿಂದಲೋ ಎತ್ತಿಕೊಂಡ ದನಿಯೋ? ಹಾಗೆ ಹಿಂದೆ ಹಿಂದೆ ಹೋದರೆ ಮೊದಲು ಅದನ್ನು ಕೂಗಿದವನು ಯಾರು? ಲೋಟ ಕೆಳಗಿಟ್ಟು ಎದ್ದೆ. ಹೊಸ್ತಿಲು ದಾಟಬೇಕು, ಆಗ ಹಿಂದಿನಿಂದ ಮುದುಕಿ ಕೇಳಿದಳು.

“ಕೊಟ್ಟೂರಾಗೆ ಆ ಕೂಸು ಹೆಂಗೈತೆ? ಹಲ್ಲು ಬಂದ್ವಾ?”

ಸೊಸೆ ನನ್ನ ಮುಖ ನೋಡಿದಳು, ಅವಳಿಗೆ ಅರ್ಥವಾಗಲಿಲ್ಲ. ನಾನು ಕೊಟ್ಟೂರಿನವನೆಂದು ಆ ಮನೆಯಲ್ಲಿ ಹೇಳಿರಲೇ ಇಲ್ಲ. ‘ಬಂದೂ ಆಯಿತು, ಬಿದ್ದೂ ಆಯಿತು’ ಎಂಬ ಜೋಕು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಕೆಮ್ಮಿದೆ. ಲೊಟ್ಟೆ ಹೊಡೆದೆ.

“ಬಂದಾವ. ಚೆಂದ ಅದಾಳ.”

“ಒಂದ್ಸಲ ಕರ್ಕಂಡು ಬಾ” ಎಂದು ಮುದುಕಿ ಗೋಡೆಯ ಕಡೆಗೆ ಹೊರಳಿ ಮಲಗಿದಳು.

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. ಬಣ್ಣ ಹಚ್ಚದೆ, ದನಿ ತೆಗೆಯದೆ, ಆಡಿನ ಗಂಟಲಿನಲ್ಲೇ ಹೇಳಿದೆ. ಕೆಮ್ಮು, ಲೊಟ್ಟೆ, ಕೂಗು, ಪಲ್ಲಿ, ಸುಳ್ಳು ಮುಖ, ಇನ್ನೊಂದು ಮನೆ. ಅಜ್ಜಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು, ಕೈ ನಿಲ್ಲಲಿಲ್ಲ.

“ಆಕಿ ಹೆಸರೇನಂತ?”

“ಕೇಳ್ಲಿಲ್ಲ ಅಜ್ಜಿ.”

“ಕೇಳಬೇಕಿತ್ತು.” ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದು, “ಹಲ್ಲು ಬಂದ್ವಾ ಅಂತ ಕೇಳಿದ್ಲಾ?”

“ಹೂಂ.”

ಅಜ್ಜಿ ಬೆರಳಿನಿಂದ ತನ್ನ ಬೋಳು ಒಸಡನ್ನು ಸವರಿಕೊಂಡಳು. “ಹಂಗಾರ ಆ ಮನ್ಯಾಗ ನನ್ನ ಸುದ್ದಿ ತಗದಾನ.”

ಅಷ್ಟೇ. ಸೆರಗಿನಿಂದ ಕಣ್ಣು ಒರೆಸಿಕೊಳ್ಳಲಿಲ್ಲ, ಬೈಯಲಿಲ್ಲ. ಮೊರ ಬದಿಗಿಟ್ಟು, “ಈ ಅಮಾಸಿಗೆ ಇಡ್ತೀನಿ” ಎಂದಳು. ಮರುಕ್ಷಣವೇ ಮುಖ ಇಳಿಯಿತು. “ಆತಗೇನು ಸೇರತಿತ್ತು ಅಂತ ಕೇಳಿದ್ಯಾ?”

ಕೇಳಿರಲಿಲ್ಲ.

“ಊರೂರ ಕೆಮ್ಮು ಹೊತ್ಕೊಂಡು ಬಂದಿ, ಏನು ಉಣ್ಣತಿದ್ದ ಅಂತ ಒಂದು ಮಾತು ತರಲಿಲ್ಲಲ್ಲೋ ಹುಚ್ಚಾ!”

“ದನಿ ಬೇಕಾದ್ರ ತಗದು ತೋರಸ್ಲೇನಜ್ಜಿ?”

“ಬ್ಯಾಡ. ನೀ ತಗದ್ರ ಅದು ನಿಂದ ಆಕ್ಕತಿ.”

ಅಮಾವಾಸ್ಯೆಯ ದಿನ ಅಜ್ಜಿ ಅಪ್ಪನಿಗೆ ಏನು ಸೇರುತ್ತಿತ್ತೋ ಎಂದು ತಿಳಿಯದೆ ಎಲ್ಲವನ್ನೂ ಮಾಡಿಸಿದಳು. ಹೋಳಿಗೆ, ಕಡಬು, ಪುಂಡಿಪಲ್ಯ, ಮೆಣಸಿನಕಾಯಿ, ಅನ್ನ, ಸಾರು; ಎಲೆಯ ಅಂಚು ಕಾಣದಷ್ಟು. ದೇವರ ಕೋಣೆಯಲ್ಲಿ ಅವ್ವನ ಎಲೆ, ಗಂಡನ ಎಲೆ, ಅವುಗಳ ಪಕ್ಕದಲ್ಲಿ ಇಷ್ಟು ವರ್ಷ ಬರಿದೇ ಸಾರಿಸಿ ಬಿಟ್ಟಿದ್ದ ಜಾಗದಲ್ಲಿ ಹೊಸ ಎಲೆ. ಹೊಸ ಧೋತರ, ಒಂದು ಸುರುಳಿ ಹೊಗೆಸೊಪ್ಪು. ಪಟ ಇಡಲಿಲ್ಲ. “ಯಾರದೋ ಮುಖ, ಅದಕ್ಕ್ಯಾಕ ಊಟ” ಎಂದಳು. ದೀಪ ಹಚ್ಚಿ, ಕರೆಯಬೇಕಾದವರನ್ನು ಕರೆದು ಹೊರಗೆ ಬಂದು ಬಾಗಿಲು ಮುಚ್ಚಿದಳು. ಹಿರಿಯರು ಉಣ್ಣುವಾಗ ನಾವು ನೋಡಬಾರದು, ಮಾತಾಡಬಾರದು. ಒಂದಿಷ್ಟು ಹೊತ್ತು ಹೊರಗೆ ಸುಮ್ಮನೆ ಕುಂತು, ಆಮೇಲೆ ಚಪ್ಪಾಳೆ ತಟ್ಟಿ ತೆಗೆಯಬೇಕು.

ಕುಳಿತುಕೊಳ್ಳುವ ಮೊದಲು ಅಜ್ಜಿ ಚೊಂಬು ಹಿಡಿದು ನನ್ನ ಹತ್ತಿರ ಬಂದಳು.

“ಬಾಯಿ ತಗಿ.”

ತೆಗೆದೆ. ತುಂಬಾ ನೀರು ಸುರಿದಳು.

“ನುಂಗಬ್ಯಾಡ, ಉಗುಳಬ್ಯಾಡ. ಬಾಗಲ ತಗಿಯೋತನ ಹಂಗ ಹಿಡ್ಕೊಂಡು ಕುಂದರು. ನಿನ್ನ ಬಾಯಿ ನಂಬಾಂಗಿಲ್ಲ.”

ಅವ್ವ ಸೆರಗಿನಲ್ಲಿ ನಕ್ಕಳು, ಅಪ್ಪ ಮೀಸೆಯಲ್ಲಿ ನಕ್ಕ. ಕೆನ್ನೆ ಉಬ್ಬಿಸಿಕೊಂಡು ಕಂಬಕ್ಕೆ ಒರಗಿ ಕುಂತೆ. ನಟ್ಟ ಮಧ್ಯಾಹ್ನ. ಓಣಿಯಲ್ಲಿ ಒಂದು ಸೈಕಲ್ಲಿನ ಸದ್ದೂ ಇರಲಿಲ್ಲ. ಬಾಗಿಲಿನ ಸಂದಿಯಿಂದ ಹೋಳಿಗೆಯ ವಾಸನೆ, ದೀಪದ ಎಣ್ಣೆಯ ವಾಸನೆ, ಅವೆರಡರ ಕೆಳಗೆ ಹೊಗೆಸೊಪ್ಪಿನ ಘಾಟು.

ಆಗ ಒಳಗೆ ಯಾರೋ ಕೆಮ್ಮಿದರು. ಪೂರಾ ಕೆಮ್ಮಲಿಲ್ಲ, ಅರ್ಧಕ್ಕೆ ನುಂಗಿದರು. ಅದರ ಬೆನ್ನಿಗೇ ನಾಲಿಗೆಯ ಲೊಟ್ಟೆ, ಎತ್ತಿನವರು ಹೊಡೆಯುವಂಥದು.

“ಲೇ ಕೊಟ್ರ್ಯಾ, ಇವತ್ತನಾರ...” ಎಂದು ಅವ್ವ ಕೈ ಎತ್ತಿಕೊಂಡೇ ನನ್ನ ಕಡೆ ತಿರುಗಿದಳು. ನನ್ನ ಕೆನ್ನೆ ನೋಡಿ ಎತ್ತಿದ ಕೈ ಹಾಗೇ ನಿಂತಿತು. ಅಪ್ಪ ನೆಲ ನೋಡತೊಡಗಿದ. ನಾನು ಅಲ್ಲ ಎಂದು ತಲೆ ಆಡಿಸಿದೆ. ಜನ್ಮಕ್ಕೆ ಒಮ್ಮೆ ನಿಜ ಹೇಳಲು ಹೊರಟರೆ ಬಾಯಿ ತುಂಬಾ ನೀರು.

ಅಜ್ಜಿ ಅವಸರ ಮಾಡಲಿಲ್ಲ. ಎದ್ದು ಬಂದು ಬೆರಳಿನಿಂದ ನನ್ನ ಕೆನ್ನೆ ಒತ್ತಿದಳು. ತುಟಿಯ ಅಂಚಿನಿಂದ ಒಂದು ಎಳೆ ನೀರು ಇಳಿದು ಗದ್ದದ ಮೇಲೆ ನಿಂತಿತು. ಅದನ್ನು ನೋಡಿದಳು. ಸೆರಗಿನಿಂದ ಅದನ್ನು ಒರೆಸಿ, ಬಾಗಿಲಿನ ಹತ್ತಿರ ಹೋಗಿ, ನೆಲಕ್ಕೆ ಕೈ ಊರಿ ಕುಂತು, ಸಂದಿಗೆ ಬಾಯಿ ಹಚ್ಚಿದಳು. ಅಪ್ಪನನ್ನು ಕೂಗಿ ಕರೆಯುವ ಆ ಮಾತನ್ನು ಅವಳ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಕರೆಯಲು ಬಾರದ ಮಗುವಿನ ಹಾಗೆ, ಒಂದು ಸಲ ಒಳಗೊಳಗೇ ಅಂದು ನೋಡಿಕೊಂಡು, ಆಮೇಲೆ ಕೇಳಿದಳು:

“ಉಪ್ಪು ಸಾಕೇನ... ಯಪ್ಪಾ?”